ಜರ್ಮನಿಗೆ ಹೊರಟ ಸೊಸೆ

"ಆ ತಟ್ಟೆ ಮುಟ್ಟಬೇಡ! ಇನ್ನು ಮೇಲೆ ನಿನ್ನ ತಟ್ಟೆ, ಲೋಟ ಹಿತ್ತಲಲ್ಲೇ ಇರಲಿ!"

ಅತ್ತೆ ಅನಂತಲಕ್ಷ್ಮಿಯ ಕೂಗಿಗೆ ಸತ್ಯವತಿಯ ಕೈ ಹಾಗೇ ನಿಂತುಹೋಯಿತು. ರಾಜಾಜಿನಗರದ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಪುರುಷೋತ್ತಮ ಮದುವೆಯಾದ ತಿಂಗಳಲ್ಲೇ ಪಶ್ಚಿಮ ಜರ್ಮನಿಯ ಕೆಲಸಕ್ಕೆ ಮರಳಿದ್ದ. ಅವನನ್ನು ಸೇರಬೇಕಾದರೆ ಅವಳಿಗೆ ವೀಸಾ ಬೇಕು. ಅದಕ್ಕೆ ಮದುವೆಯ ಸರ್ಟಿಫಿಕೇಟು, ಅಲ್ಲಿ ಮನೆ ಮಾಡಿರುವುದಾಗಿ ಗಂಡನ ಪತ್ರ ಎಲ್ಲವೂ ಮದ್ರಾಸಿನ ಜರ್ಮನ್ ವೀಸಾ ಕಚೇರಿಗೆ ತಲುಪಿದ್ದವು. ಉಳಿದದ್ದು ಎದೆಯ ಎಕ್ಸ್-ರೇ ಒಂದೇ. ಕ್ಷಯವಿದ್ದವರಿಗೆ ವೀಸಾ ಕೊಡುವುದಿಲ್ಲವಂತೆ. ಈ ಬೆಳಿಗ್ಗೆ ತಂದ ಎಕ್ಸ್-ರೇಯಲ್ಲಿ ಬಲಗಡೆ ಸಣ್ಣದೊಂದು ಕಲೆ ಕಂಡಿತ್ತು...

"ಅತ್ತೆ, ಅದು ಚಿಕ್ಕವಳಿದ್ದಾಗ ಬಂದು ವಾಸಿಯಾಗಿದ್ದು. ಹೆಣ್ಣು ನೋಡೋಕೆ ಬಂದ ದಿನವೇ ನಮ್ಮಪ್ಪ ನಿಮಗೂ ಅವರಿಗೂ ಹೇಳಿದ್ರಲ್ಲ!"

"ಯಾರು ಹೇಳಿದ್ದು? ರೋಗ ಮುಚ್ಚಿಟ್ಟು ನನ್ನ ಮಗನ ಕೊರಳಿಗೆ ಕಟ್ಟಿದ್ರು! ನಡಿ, ನಿಮ್ಮಪ್ಪನ ಮನೆಗೆ ನಡಿ!"

ವಿಜಯನಗರದ ತವರಿಗೆ ಬಂದ ಸತ್ಯವತಿ ಗಂಡನಿಗೆ ಬರೆದಳು. ನಿಮಗೆ ಎಲ್ಲಾ ಗೊತ್ತಿತ್ತು, ಅಮ್ಮನಿಗೆ ಒಂದು ಮಾತು ಹೇಳಿ ಎಂದು ಬೇಡಿಕೊಂಡಳು. ಉತ್ತರ ಬಂದದ್ದು ಅವಳ ತಂದೆ ಲಕ್ಷ್ಮೀಪತಿಯವರಿಗೆ. ಅಮ್ಮ ಹೇಳಿದ ಹಾಗೇ ಆಗಲಿ, ರೋಗಿಯನ್ನು ಕಟ್ಟಿಕೊಂಡು ಇಲ್ಲಿ ನಾನೇನು ಮಾಡಲಿ... ಅಷ್ಟೆ! ಓದಿದ ಲಕ್ಷ್ಮೀಪತಿ ಮಗುವಿನಂತೆ ಬಿಕ್ಕಿದರು. ಸತ್ಯವತಿಯ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

"ನಾನು ರೋಗಿಯೋ ಅಲ್ವೋ ಅಂತ ಡಾಕ್ಟರ್ ಹೇಳ್ಲಿ ಅಪ್ಪ. ನಾನು ಮದ್ರಾಸಿಗೆ ಹೋಗ್ಲೇಬೇಕು."

ಕಫ ಪರೀಕ್ಷೆಯಾಯಿತು, ಮತ್ತೊಮ್ಮೆ ಎಕ್ಸ್-ರೇ ತೆಗೆಸಿದ್ದಾಯಿತು. ಹಳೆಯ ಕಲೆ, ರೋಗವಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಮದ್ರಾಸಿನ ಅಧಿಕಾರಿ ಅದನ್ನೆಲ್ಲ ನೋಡಿ, ಕೇಳುವುದನ್ನು ಕೇಳಿ, ಪಾಸ್‌ಪೋರ್ಟಿಗೆ ವೀಸಾ ಒತ್ತಿಕೊಟ್ಟ.

ಸುದ್ದಿ ಅತ್ತೆಗೂ ಅಲ್ಲಿಂದ ಜರ್ಮನಿಗೂ ಮುಟ್ಟಿ ವಾರವಾಗಿರಲಿಲ್ಲ, ಅನಂತಲಕ್ಷ್ಮಿ ಮಲ್ಲಿಗೆ ದಂಡೆ ಹಿಡಿದು ಆಟೋದಲ್ಲಿ ಬಂದಿಳಿದರು!

"ಏನೋ ಸಿಟ್ಟಿನಲ್ಲಿ ಅಂದುಬಿಟ್ಟೆ ಕಣೇ... ಪುರುಷೂ ಟೆಲಿಗ್ರಾಂ ಕೊಟ್ಟಿದಾನೆ, ಬೇಗ ಕಳಿಸು ಅಂತ. ಏಳು, ನಮ್ಮನೆಯಿಂದಲೇ ಹೊರಡುವೆಯಂತೆ."

"ನಾನು ಬರಲ್ಲ ಅತ್ತೆ. ಕಂಡು ಕೇಳರಿಯದ ದೇಶದವರು ಪರೀಕ್ಷೆ ಮಾಡಿ ನೋಡಿ, ಒಳಗೆ ಬಾ ಅಂದ್ರು. ತಾಳಿ ಕಟ್ಟಿದವರು ಒಂದು ಮಾತೂ ಕೇಳದೆ ಹೊರಗೆ ಹಾಕಿದ್ರು. ಅಂಥವರ ಮನೇಲಿ ನಾನು ಬಾಳಲ್ಲ!"

"ಗಂಡನ್ನ ಬಿಡ್ತೀಯೇನೇ? ಜನ ಏನಂತಾರೆ!"

"ಅನ್ಲಿ! ಆದ್ರೆ ರೋಗ ಇತ್ತು, ಅದಕ್ಕೇ ಬಿಟ್ರು ಅಂತ ಮಾತ್ರ ಇನ್ನು ಯಾರೂ ಅನ್ನೋ ಹಾಗಿಲ್ಲ."

ಅನಂತಲಕ್ಷ್ಮಿ ಹೂವನ್ನು ಜಗಲಿಯ ಮೇಲೆಸೆದು ಹೊರಟುಹೋದರು. ಬಾಗಿಲು ಹಾಕಿಕೊಂಡ ಮೇಲೆ ಸತ್ಯವತಿಯ ಅಷ್ಟು ದಿನದ ಅಳು ಒಮ್ಮೆಲೇ ಒಡೆಯಿತು... ಲಕ್ಷ್ಮೀಪತಿ ಮಗಳ ತಲೆ ನೇವರಿಸುತ್ತ ಕೇಳಿದರು:

"ಹೋಗೋ ಮನಸ್ಸೇ ಇಲ್ಲದಿದ್ರೆ ಅಷ್ಟೆಲ್ಲ ಯಾಕಮ್ಮ ಒದ್ದಾಡಿದೆ?"

"ಮನಸ್ಸಿತ್ತು ಅಪ್ಪ... ಆ ಕಾಗದ ಬರೋವರೆಗೂ ಇತ್ತು. ಆಮೇಲೆ, ಹೋಗೋಕಾಗದೆ ಉಳಿದಳು ಅನ್ನಿಸಿಕೋಬಾರದು ಅಂತ ಮದ್ರಾಸಿಗೆ ಹೋದೆ."

ಜೂನ್ ತಿಂಗಳಲ್ಲಿ ಅವಳು ಹತ್ತಿರದ ಶಾಲೆಯೊಂದರಲ್ಲಿ ಟೀಚರಾಗಿ ಸೇರಿದಳು. ವೀಸಾದ ಅವಧಿ ಯಾವಾಗ ಮುಗಿಯಿತೋ, ಅವಳು ಪಾಸ್‌ಪೋರ್ಟು ತೆರೆದು ನೋಡಲಿಲ್ಲ.