ಮುನ್ನೂರು ಕಿಲೋಮೀಟರಿನಾಚೆಯ ದನಿ

ವಿಮಾನದ ಪುಟ್ಟ ಏಣಿ ಇಳಿದವಳೇ ಅವಳು ನೇರವಾಗಿ ರೇಡಿಯೊ ಕೋಣೆಯ ಬಾಗಿಲು ತಳ್ಳಿದಳು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದವನು ತಿರುಗಿ ನೋಡಿದ.

"ಯಾರು ಬೇಕಿತ್ತು?"

ಅಯ್ಯೋ… ಅದೇ ದನಿ! ಮೂರು ವರ್ಷ ದಿನವೂ ಕಿವಿಗೆ ಬಿದ್ದು, ಒಮ್ಮೆಯೂ ಕಣ್ಣಿಗೆ ಬೀಳದ ದನಿ.

"ನಾನು… ಆ ಕಡೆಯವಳು."

ಅವನು ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ.

ಎರಡೂ ಒಂಟಿ ವಿಮಾನ ನಿಲ್ದಾಣಗಳು. ನಡುವೆ ಮುನ್ನೂರು ಕಿಲೋಮೀಟರು ಬೆಟ್ಟ. ರಸ್ತೆ ಹಿಡಿದರೆ ಎರಡು ದಿನ, ಹಾರಿದರೆ ಒಂದೂಕಾಲು ಗಂಟೆ. ಇಲ್ಲಿಂದ ಅವನು ಕಳಿಸಬೇಕು, ಅಲ್ಲಿ ಅವಳು ಇಳಿಸಿಕೊಳ್ಳಬೇಕು. ರೇಡಿಯೊ ಮುಂದೆ ಆಳಿಲ್ಲದಿದ್ದರೆ ವಿಮಾನ ಏಳುವಂತಿಲ್ಲ, ಇಳಿಯುವಂತಿಲ್ಲ. ದೇವರ ಲೀಲೆ ನೋಡಿ! ಊರವರನ್ನೆಲ್ಲ ಹೊತ್ತು ತರುವ ವಿಮಾನಕ್ಕೆ ಇವರಿಬ್ಬರೇ ಭಾರ.

ಇವತ್ತು ಅವಳ ಕುರ್ಚಿಯಲ್ಲಿ ದೊಡ್ಡಪ್ಪ ಕೂತಿದ್ದರು. ಅದೇ ಕೆಲಸ ಮಾಡಿ ನಿವೃತ್ತರಾದವರು.

ಅವಳೇ ಮಾತು ತೆಗೆದಳು. "ಹೋದ ತಿಂಗಳು ಹೆಣ್ಣು ಕೇಳೋಕೆ ಮನೆಗೆ ಬರ್ತೀನಿ ಅಂದ್ರಿ. ಅಪ್ಪ ಅಮ್ಮ ಹೊಸ ಬಟ್ಟೆ ಉಟ್ಟು ಹೊರಗೆ ಕಾಯ್ತಿದ್ರು. ವಿಮಾನ ಹೊರಟಿತು ಅಂತ ರೇಡಿಯೊದಲ್ಲಿ ನಿಮ್ಮ ದನಿನೇ ಬಂತು! ನೀವು ಹತ್ತಿಲ್ಲ ಅಂತ ಆಗಲೇ ಗೊತ್ತಾಯ್ತು. ಅವರಿಗೆ ಹೇಳೋಕೆ ಬಾಯಿ ಬರದೆ ಒಂದೂಕಾಲು ಗಂಟೆ ಕೂತಿದ್ದೆ…"

"ಎಷ್ಟು ಸಲ ಫೋನ್ ಮಾಡಿದೆ!"

"ಎತ್ತಲಿಲ್ಲ. ಸಿಟ್ಟು. ಈಗ ಮನೇಲಿ ಬೇರೆ ಗಂಡು ನೋಡಿದ್ದಾರೆ. ಸಂಜೆ ಉತ್ತರ ಹೇಳ್ಬೇಕು. ಯಾಕೆ ಬರಲಿಲ್ಲ, ಅಷ್ಟು ಹೇಳಿ."

ಅವನು ತಲೆ ತಗ್ಗಿಸಿದ.

"ಬದಲಿಗೆ ಕೂರಬೇಕಾದವನು ಜ್ವರ ಬಂದು ಮಲಗಿಬಿಟ್ಟ. ನಾನು ಹತ್ತಿದ್ರೆ ಕಳಿಸೋರು ಯಾರು? ವಿಮಾನದೊಳಗೊಬ್ಬ ತುಂಬು ಗರ್ಭಿಣಿ ನೋವು ತಿಂತಿದ್ಲು. ನನ್ನ ಸೀಟಲ್ಲಿ ಅವಳ ತಾಯಿ ಕೂತ್ರು."

ಅವಳಿಗೆ ತಟ್ಟನೆ ನೆನಪಾಯಿತು. ಆ ಗರ್ಭಿಣಿಯನ್ನು ಏಣಿಯಿಂದ ಇಳಿಸಿದ್ದು ಅವಳ ಕೈಗಳೇ! 'ಕಳಿಸಿಕೊಟ್ಟ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ' ಎಂದು ಆ ತಾಯಿ ಹರಸಿದ್ದರು. ಯಾರನ್ನೆಂದು ಇವಳು ಕೇಳಲೇ ಇಲ್ಲ.

'ಎಂಥ ಮನುಷ್ಯನ ಮೇಲೆ ಮುನಿಸಿಕೊಂಡೆನಲ್ಲ ನಾನು…'

"ರೇಡಿಯೊದಲ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

"ಅದಕ್ಕೆ ಹತ್ತು ಜನರ ಕಿವಿ. ನಿಮ್ಮ ಹೆಸರು ಎಲ್ಲರ ಬಾಯಿಗೆ ಬೀಳ್ತಿತ್ತು."

ಹೊರಗೆ ವಿಮಾನ ಮರಳಲು ಸಜ್ಜಾಗಿತ್ತು. ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಮೈಕ್ ಹತ್ತಿರಕ್ಕೆ ಎಳೆದುಕೊಂಡ.

"ಆ ಕಡೆ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ, ಹೇಳಪ್ಪ," ದೊಡ್ಡಪ್ಪನ ದನಿ. "ಎಷ್ಟು ಜನ?"

"ಏಳು ಜನ. ಅದ್ರಲ್ಲೊಬ್ಬರು… ದೊಡ್ಡಪ್ಪ, ನಿಮ್ಮ ಮಗಳನ್ನ ನಂಗೆ ಕೊಡ್ತೀರಾ?"

ರೇಡಿಯೊ ಗೊರಗೊರ ಎಂದಿತು. ಆಮೇಲೆ—

"ಅವಳನ್ನ ಕೇಳಪ್ಪ! ಬೇಗ ಕೇಳು, ಈ ಕುರ್ಚಿಲಿ ಕೂತು ನನ್ನ ಸೊಂಟ ಹಿಡ್ಕೊಂಡಿದೆ!"

ಪೈಲಟ್ಟನ ನಗುವೂ ತೂರಿಬಂತು. "ನಾನೂ ಕಾಯ್ತಿದ್ದೀನಿ, ಸ್ವಾಮಿ!"

ಅವಳು ಅವನ ಕೈಮೇಲೆ ಕೈಯಿಟ್ಟು ಮೈಕಿನ ಗುಂಡಿ ಒತ್ತಿದಳು.

"ದೊಡ್ಡಪ್ಪಾ… ನಂಗೆ ಒಪ್ಪಿಗೆ."

ಗುಂಡಿ ಬಿಟ್ಟರೂ ಕೈ ಬಿಡಲಿಲ್ಲ.

"ವಿಮಾನ ಕಾಯ್ತಿದೆ, ಕೈ ಬಿಡಿ," ಅಂದಳು, ಕಣ್ಣೊರೆಸಿಕೊಳ್ಳುತ್ತಾ.

"ಹಿಡ್ಕೊಂಡಿರೋದು ನೀವು," ಅವನು ಮೆಲ್ಲಗೆ ಅಂದ.