ಮೂರನೆಯ ಗುಂಡಿ

ಮನುಷ್ಯಕುಲದ ಚರಿತ್ರೆಯಲ್ಲಿ ಕೆಲವು ಗಳಿಗೆಗಳನ್ನು ಎದ್ದು ನಿಂತು, ಟೋಪಿ ತೆಗೆದು ನೆನೆಯಬೇಕು. ಆಂಬ್ರೋಸ್ ಪೆಲ್‌ನ ಕರಿ ಕೋಟಿನ ಮೂರನೆಯ ಗುಂಡಿ ಕಿತ್ತುಹೋದದ್ದು ಅಂಥದೊಂದು ಗಳಿಗೆ. ಸಾವಿರದ ಎಂಟುನೂರ ಐವತ್ತೊಂದನೆಯ ಇಸವಿ, ‘ಹೆಸ್ಟರ್ ವೇಲ್’ ಎಂಬ ಉಗಿಹಡಗು ಪನಾಮಾ ಬಿಟ್ಟು ಹದಿನೇಳನೆಯ ದಿನ. ಊಟದ ಗಂಟೆ ಬಾರಿಸಿದ್ದೇ ಕೆಳ ಅಂತಸ್ತಿನ ಮುನ್ನೂರು ಜನ ಉಪ್ಪುಮಾಂಸದ ಮೇಲೆ ಮುಗಿಬಿದ್ದರು. ಆ ನೂಕಾಟದಲ್ಲಿ ದಾರ ಹರಿಯಿತು. ಪೆಲ್ ಮಂಡಿಯೂರಿ ಗುಂಡಿಯನ್ನು ಹಿಡಿದ. ಮಾಂಸ ಸಿಗಲಿಲ್ಲ.

ಉಳಿದವರು ಚಿನ್ನ ಅಗೆಯಲು ಹೊರಟವರು. ಅವರಲ್ಲಿ ಕೆಲವರಿಗೆ ಕೋಟೇ ಇರಲಿಲ್ಲ. ಪೆಲ್ ಬಾಸ್ಟನ್ನಿನ ವಕೀಲರೊಬ್ಬರ ಗುಮಾಸ್ತ. ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶರೊಬ್ಬರಿಗೆ ಪರಿಚಯಪತ್ರ ಒಯ್ಯುತ್ತಿದ್ದ. ನಾಡಿದ್ದು ದಡ. ಎದೆ ತೆರೆದುಕೊಂಡು ನ್ಯಾಯದ ಮುಂದೆ ನಿಲ್ಲುವುದು ಹೇಗೆ? ಹೆಂಡತಿ ಲವಿನಿಯಾಳ ಸೂಜಿಡಬ್ಬಿಯೋ ಪನಾಮಾದ ಹೊಳೆಯಲ್ಲಿ ದೋಣಿ ಮಗುಚಿದಾಗಲೇ ಮೊಸಳೆಗಳ ಪಾಲಾಗಿತ್ತು.

ಹಡಗಿನ ಮೂತಿಯ ಹತ್ತಿರ ಹಾಯಿ ಹೊಲಿಯುವ ಮುದುಕ ಗ್ರಿಂಡಲ್ ಕೂತು ಹೊಲಿಯುತ್ತಿದ್ದ. ಹಾಯಿಯನ್ನಲ್ಲ. ಬೆಳಿಗ್ಗೆ ಜ್ವರದಲ್ಲಿ ಸತ್ತ ವರ್ಮಾಂಟಿನ ರೈತನೊಬ್ಬನನ್ನು ಹಾಯಿಬಟ್ಟೆಯೊಳಗೆ ಹಾಕಿ, ಕಾಲಿನಿಂದ ಮೇಲಕ್ಕೆ ಹೊಲಿದುಕೊಂಡು ಬಂದಿದ್ದ. ಡಾಂಬರಿನ ವಾಸನೆ. ಅದರಡಿಯಲ್ಲಿ ಇನ್ನೊಂದು ವಾಸನೆ.

“ಅಜ್ಜ, ಆ ಸೂಜಿ ಒಂದು ಗಳಿಗೆ ಕೊಡ್ತೀರಾ?” ಎಂದ ಪೆಲ್.

“ಬೇರೆ ಹುಡುಕಿ ಕೊಡ್ತೀನಿ, ತಡೀರಿ ಸಾಹೇಬ್ರೇ. ಇದು ಹೆಣದ್ದು.”

“ಯಾಕೆ, ಹೆಣ ಕೊಡಬೇಡ ಅಂತಾ?”

ಮುದುಕ ನಗಲಿಲ್ಲ. “ಒಂದೊಂದು ಹೊಲಿಗೆಗೂ ಸತ್ತವನ ಹೆಸರು ಹೇಳ್ತೀನಿ. ಸೂಜಿ ಎಚ್ಚರ ಆಗುತ್ತೆ. ಕೊನೇ ಹೊಲಿಗೆ ಮೂಗಿಗೆ. ಜೀವ ಇದ್ರೆ ಕಿರುಚ್ತಾನೆ, ಇಲ್ದಿದ್ರೆ ಇಲ್ಲ. ಆಮೇಲೆ ಸೂಜೀನೂ ಅವನ ಜೊತೇಲೇ ನೀರಿಗೆ. ಮೂಗು ಸಿಗೋವರೆಗೂ ಅದು ಮಲಗಲ್ಲ.”

“ನಮ್ಮ ಬಾಸ್ಟನ್ನಲ್ಲಿ ಸೂಜಿಗಳು ಬೇಗ ಮಲಗ್ತವೆ, ಅಜ್ಜ.”

ಅಷ್ಟರಲ್ಲಿ ಕಪ್ತಾನ ಕೂಗಿದ. ಗ್ರಿಂಡಲ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಹೋದ. ಪೆಲ್ ಅದನ್ನು ಕಿತ್ತುಕೊಂಡು ಕೆಳಗಿಳಿದ. ಕಾನೂನು ಓದಿದವನು, ಸಾಲ ಎಂದುಕೊಂಡ, ಕಳವು ಎನ್ನಲಿಲ್ಲ.

“ಇದು ಸೂಜಿಯೋ ಈಟಿಯೋ?” ಲವಿನಿಯಾ ಆ ಮೂರಂಚಿನ ಉಕ್ಕನ್ನು ದೀಪಕ್ಕೆ ಹಿಡಿದಳು. “ಕೋಟು ಬಿಚ್ಚು.”

“ಚಳಿ. ಹಾಗೇ ಹಾಕು.”

“ಮೈಮೇಲೆ ಇಟ್ಕೊಂಡು ಹೊಲೀಬಾರ್ದು ಅಂತ ನಮ್ಮಮ್ಮ ಹೇಳ್ತಿದ್ಲು.”

“ನನ್ನನ್ನ ಮದುವೆ ಆಗಬಾರ್ದು ಅಂತಾನೂ ಹೇಳಿದ್ಲು.”

“ಅದು ತಪ್ಪು ಅಂತ ಇನ್ನೂ ಸಾಬೀತಾಗಿಲ್ಲ, ಗುಮಾಸ್ತರೇ,” ಎಂದು ಹೊಲಿಯತೊಡಗಿದಳು. ನಾಲ್ಕು ಸಲ ಎಳೆದು ನಿಂತಳು. “ಅಯ್ಯೋ! ಚುಚ್ಚಲಿಲ್ವಾ?”

“ಏನು?”

ಸೂಜಿ ಅಂಗಿಯನ್ನೂ ದಾಟಿ ಅವನ ಎದೆಯೊಳಗೆ ಬೆರಳಿನ ಅಗಲ ಹೋಗಿತ್ತು. ಅವಳು ಗಾಬರಿಯಿಂದ ಕಿತ್ತಳು. ರಕ್ತ ಬರಲಿಲ್ಲ. ಕಿತ್ತ ರಭಸಕ್ಕೆ ಅವಳ ಬೆರಳಿಗೇ ಚುಚ್ಚಿ ಒಂದು ಹನಿ ಮೂಡಿತು.

“ವಕೀಲರ ಚರ್ಮ,” ಎಂದು ಬೆರಳು ಚೀಪಿದಳು. ಪೆಲ್ ನಕ್ಕು, ಸೂಜಿಯನ್ನು ಕೋಟಿನ ಮಡಿಕೆಗೆ ಸಿಕ್ಕಿಸಿ, ಆಮೇಲೆ ಅದನ್ನು ಮರೆತ.

ಬೆಳಗಾದಾಗ ಲವಿನಿಯಾ ಕೆಂಡದಂತೆ ಸುಡುತ್ತಿದ್ದಳು.

ಹೊರಗೆ ಮಂಜು. ನಡುಹಗಲಿಗೇ ಕತ್ತಲು. ಹಡಗು ಆಮೆಯಂತೆ ತೆವಳುತ್ತ ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತಿತ್ತು. ಪಕ್ಕದ ಚಕ್ರಗಳು ನೀರನ್ನು ನಿಧಾನವಾಗಿ ಬಡಿಯುತ್ತಿದ್ದವು. ಸುತ್ತಲಿನವರು ಮೂಗಿಗೆ ಬಟ್ಟೆ ಹಿಡಿದಿದ್ದರು. ವಾಂತಿ, ಕಲ್ಲಿದ್ದಲು, ತಿಮಿಂಗಿಲದೆಣ್ಣೆಯ ಹೊಗೆ. ಪೆಲ್‌ಗೆ ಯಾವ ವಾಸನೆಯೂ ಬರಲಿಲ್ಲ. ಯಾರೋ ಕೊಟ್ಟ ಕಾಫಿಗೆ ರುಚಿ ಇರಲಿಲ್ಲ. ಮೇಲೆ ಹೋಗಿ ಹೊಗೆಕೊಳವೆಯ ಕವಚಕ್ಕೆ ಕೈಕೊಟ್ಟು ನಿಂತ.

“ಏಯ್, ಕೈ ತೆಗಿಯೋ ಮಾರಾಯಾ! ಸುಟ್ಟು ಕರಕಲಾಗ್ತಿದೆ!” ಎಂದು ಕುಲುಮೆಗೆ ಕಲ್ಲಿದ್ದಲು ಹಾಕುವವನೊಬ್ಬ ಅರಚಿದ.

ಪೆಲ್ ಅಂಗೈ ನೋಡಿಕೊಂಡ. ತೊಗಲು ಸುಲಿದಿತ್ತು. ಹೆಂಡತಿಯ ಚಿಂತೆಯಲ್ಲಿ ನೋವು ತಿಳಿಯಲಿಲ್ಲ ಎಂದುಕೊಂಡ. ಆಗ ಸೂಜಿ ನೆನಪಾಯಿತು. ಅವಳ ಬೆರಳಿನ ಹನಿ ನೆನಪಾಯಿತು. ಓಡಿದ.

“ಅಜ್ಜ, ಬನ್ನಿ. ಅವಳು ಸಾಯ್ತಾಳೆ. ಸೂಜಿ ಕದ್ದಿದ್ದು ನಾನು.”

“ಗೊತ್ತು. ಕೊನೇ ಹೊಲಿಗೆ ಬೇರೆ ಸೂಜೀಲಿ ಹಾಕ್ದೆ. ಹೆಣ ಸುಮ್ಮನಾಯ್ತು. ಇದು ಸುಮ್ಮನಾಗಲ್ಲ.”

“ನೀರಿಗೆ ಎಸೆದರೆ?”

“ಹಸಿದಿದ್ದನ್ನ ಎಸೆದರೆ ಹಡಗನ್ನೇ ಹೊಲಿಯುತ್ತೆ. ಮೂಗು ಬೇಕು.”

“ನನ್ನದು ತಗೊಳ್ಳಿ. ಅವಳನ್ನ ಮುಟ್ಟಬೇಡಿ.”

ಮುದುಕ ಅವನನ್ನೇ ನೋಡಿದ. “ನೀವು ಕಿರುಚಿದ್ರೆ ಸೂಜಿ ಸೋತಂಗೆ. ಇಬ್ರೂ ಉಳೀತೀರಿ. ಜೋರಾಗಿ ಕಿರುಚಿ, ದೊಡ್ಡ ಮನುಷ್ಯ ಅಂತ ನಾಚ್ಕೋಬೇಡಿ.”

ಪೆಲ್‌ಗೆ ಜೀವ ಬಂದಂತಾಯಿತು. ಕಿರುಚುವುದೇನು ಮಹಾ!

ಇಬ್ಬರೂ ಕೆಳಗಿಳಿದರು. ದೀಪ ತೂಗುತ್ತಿತ್ತು. ಲವಿನಿಯಾಳ ಕಣ್ಣು ಮುಚ್ಚಿತ್ತು, ಉಸಿರು ಗರಗಸದಂತೆ ಎಳೆಯುತ್ತಿತ್ತು. ಗ್ರಿಂಡಲ್ ಪೆಲ್‌ನ ಕೋಟಿನ ಮಡಿಕೆಯಿಂದ ಸೂಜಿಯನ್ನು ತೆಗೆದು ತನ್ನ ಅಂಗೈ ಮೇಲೆ ಇಟ್ಟುಕೊಂಡ. ಅದು ದಿಕ್ಸೂಚಿಯ ಮುಳ್ಳಿನಂತೆ ನಡುಗಿ ತಿರುಗಿತು. ಲವಿನಿಯಾಳ ಕಡೆ ಹೋಯಿತು. ನಿಲ್ಲಲಿಲ್ಲ. ಅವಳನ್ನು ದಾಟಿ ಪೆಲ್‌ನ ಕಡೆ ಬಂದು ನಿಂತಿತು.

“ಏನು ಹೊಲಿದ್ರಿ ಇದ್ರಲ್ಲಿ?” ಮುದುಕನ ದನಿ ಇಳಿದಿತ್ತು.

“ಗುಂಡಿ.”

“ಆಗ ಕೋಟು ಎಲ್ಲಿತ್ತು?”

“ಮೈಮೇಲೆ.”

ಗ್ರಿಂಡಲ್ ನಿಧಾನವಾಗಿ ಉಸಿರು ಬಿಟ್ಟ. “ನಿಮ್ಮ ಹೆಂಗಸಿಗೆ ಬರೀ ಪನಾಮಾ ಜ್ವರ, ಸಾಹೇಬ್ರೇ. ಬೆವರು ಬಂದ್ರೆ ಬಿಡುತ್ತೆ. ಅವಳು ಗುಂಡಿ ಹೊಲೀಲಿಲ್ಲ. ನಿಮ್ಮನ್ನೇ ಕೋಟಿನೊಳಗೆ ಹೊಲಿದ್ಲು.”

ಪೆಲ್ ಕೋಟನ್ನು ಬಿಚ್ಚಲು ಹೋದ. ಬಿಚ್ಚಲಾಗಲಿಲ್ಲ. ಜಗ್ಗಿದ. ಎದೆಯ ತೊಗಲು ಕೋಟಿನ ಜೊತೆ ಎದ್ದು ಬಂತು. ನೋವಿಲ್ಲ. ನಾಡಿ ಹಿಡಿದು ನೋಡಿದ. ಗಂಟೆಯ ಸದ್ದು ಕೇಳಿತು. ಚಕ್ರದ ಬಡಿತ ಕೇಳಿತು. ನಾಡಿ ಇಲ್ಲ.

“ಹಾಕಿ ಅಜ್ಜ! ಬೇಗ! ಕಿರುಚ್ತೀನಿ!”

ಮುದುಕ ಅವನ ಗಲ್ಲ ಹಿಡಿದ. ಸೂಜಿ ಮೂಗಿಗೆ ಬಂತು. ತಣ್ಣಗಿರಬೇಕಿತ್ತು. ತಣ್ಣಗಿರಲಿಲ್ಲ. ಒಳಗೆ ಹೋಯಿತು. ನೋಯಬೇಕಿತ್ತು. ನೋಯಲಿಲ್ಲ. ಪೆಲ್ ಬಾಯಿ ತೆರೆದ. ಕಿರುಚು. ಕಿರುಚು. ಗಂಟಲಿನಲ್ಲಿ ಗಾಳಿ ಇರಲಿಲ್ಲ. ಸೂಜಿ ಆ ಕಡೆಯಿಂದ ಹೊರಬಂತು. ದಾರ ಸರಸರ ಸರಿಯಿತು. ಅಷ್ಟೇ ಸದ್ದು.

ಗ್ರಿಂಡಲ್ ಟೋಪಿ ತೆಗೆದ.

ಲವಿನಿಯಾಳ ಹಣೆಯ ಮೇಲೆ ಬೆವರು ಒಡೆಯಿತು. “ಆಂಬ್ರೋಸ್,” ಎಂದಳು ಕಣ್ಣು ತೆರೆಯದೆಯೇ, “ನೀರು ಕೊಡೋ.”

ಕೊಡಬೇಕೆಂದುಕೊಂಡ. ಕೈ ಏಳಲಿಲ್ಲ. ಯಾರೋ ಅವನ ಕಾಲಿನ ಮೇಲೆ ಹಾಯಿಬಟ್ಟೆ ಹೊದಿಸಿದರು. ಹೊಲಿಗೆ ಕಾಲಿನಿಂದ ಮೇಲೆ ಬರತೊಡಗಿತು. ಒಂದೊಂದು ಹೊಲಿಗೆಗೂ ಮುದುಕ ಮೆಲ್ಲಗೆ ಒಂದು ಹೆಸರು ಹೇಳುತ್ತಿದ್ದ. ಪೆಲ್‌ಗೆ ಪ್ರತಿ ಸಲವೂ ಚೆನ್ನಾಗಿ ಕೇಳಿಸಿತು.

ಮರುದಿನ ‘ಹೆಸ್ಟರ್ ವೇಲ್’ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿತು. ಲವಿನಿಯಾ ಒಬ್ಬಳೇ ಇಳಿದಳು. ಕೋಟು ಬಿಚ್ಚಲು ಬರಲಿಲ್ಲವಾದ್ದರಿಂದ ಗಂಡನ ಜೊತೆಗೇ ನೀರಿಗೆ ಹೋಗಿತ್ತು, ಸೂಜಿಯೂ ಹೋಗಿತ್ತು. ಮೂರನೆಯ ಗುಂಡಿ ಗಟ್ಟಿಯಾಗಿ ಕೂತಿತ್ತು.