ಗೋಡೆಯೊಳಗಿನ ನಲ್ಲಿ

ಮೆಲ್ಬರ್ನಿನ ಹಳೆಯ ಇಟ್ಟಿಗೆ ಮನೆಗಳಲ್ಲಿ ಸೋರಿಕೆ ಹುಡುಕುವುದು ನನ್ನ ಕೆಲಸ. ಸೋರುವ ಪೈಪು ಸುಮ್ಮನಾಗುವುದಿಲ್ಲ, ಒಂದೇ ಸಮನೆ ಗುಸುಗುಡುತ್ತಲೇ ಇರುತ್ತದೆ. ನನ್ನ ಗೆಳತಿ ಬ್ರಾನ್ವಿನ್ ಮನೆಯದು ಮಾತ್ರ ನಿಂತು ನಿಂತು ಹರಿಯುತ್ತಿತ್ತು.

ಹುಟ್ಟಲಿರುವ ಮಗುವಿಗೆಂದು ಅವಳು ಹಿಂದಿನ ಕೋಣೆಗೆ ಹಳದಿ ಬಣ್ಣ ಬಳಿಸಿದ್ದಳು. ಗೋಡೆ ಒದ್ದೆಯಾಗಿತ್ತು. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿದರೂ ಹೊರಗಿನ ಮೀಟರು ತಿರುಗುತ್ತಿತ್ತು. ಸದ್ದು ಹಿಡಿಯುವ ಉಕ್ಕಿನ ಕೋಲನ್ನು ಗೋಡೆಗೆ ಒತ್ತಿ, ತುದಿಗೆ ಕಿವಿಯಿಟ್ಟೆ.

“ಏನ್ ಡಾಕ್ಟ್ರೇ, ನಾಡಿ ಸಿಕ್ತಾ?” ಎಂದಳು.

“ಸ್ವಲ್ಪ ಸುಮ್ನಿರು ಮಾರಾಯ್ತಿ. ನಿನ್ ಮಾತೇ ಜಾಸ್ತಿ ಕೇಳ್ತಿದೆ.”

ಅವಳು ನಕ್ಕಳು. ಗೋಡೆಯೊಳಗೆ ನೀರು ಥಟ್ಟನೆ ನಿಂತಿತು, ಒಳಗಿದ್ದವರು ನಮ್ಮ ಮಾತಿಗೆ ಕಿವಿಗೊಟ್ಟ ಹಾಗೆ.

ಗಾರೆ ಕೆತ್ತಿದಾಗ ಹಳೆಯ ಸೀಸದ ಪೈಪೊಂದು ಸಿಕ್ಕಿತು. ಆ ಗೋಡೆಗೆ ಬಿಸಿನೀರು ಬರುತ್ತಿರಲಿಲ್ಲ, ಆದರೂ ಪೈಪು ಮೈಯಷ್ಟು ಬೆಚ್ಚಗಿತ್ತು. ಹೊರಗೆ ನೀರು ನಿಲ್ಲಿಸಿ, ಪೈಪನ್ನು ಕತ್ತರಿಸಿ, ಬಾಯಿಗೆ ಮುಚ್ಚಳ ಬಿಗಿದು, ಮತ್ತೆ ನೀರು ಬಿಟ್ಟೆ. ಮೀಟರು ಅಲುಗಲಿಲ್ಲ.

ಖಾತ್ರಿಗೆಂದು ಇನ್ನೊಮ್ಮೆ ಕಿವಿಯಿಟ್ಟೆ. ನೀರಿನ ಸದ್ದಿರಲಿಲ್ಲ. ಗೋಡೆಯೊಳಗೆ ನಲ್ಲಿಯ ಹಿಡಿಯೊಂದು ಕಿರ್ರೆಂದು ತಿರುಗುವುದು ಕೇಳಿಸಿತು. ಯಾರೋ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಆಮೇಲೆ ಅವಸರ ಅವಸರವಾಗಿ. ಆ ಪೈಪಿಗೆ ನಲ್ಲಿಯೇ ಇಲ್ಲದಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ.

“ಆಯ್ತಲ್ಲ ಡೆಸ್? ಇನ್ನು ತೊಟ್ಟಿಲು ಇಲ್ಲಿಡ್ಬಹುದಲ್ಲ?” ಬ್ರಾನ್ವಿನ್ ನನ್ನನ್ನು ಕೇಳಿದಳು.

“ಸದ್ಯಕ್ಕೆ ನಿನ್ ರೂಮಲ್ಲೇ ಇಟ್ಕೋ.”

ಅವಳು ಒದ್ದೆ ಗೋಡೆಯತ್ತ ತಿರುಗಿದಳು. ನಗು ಮಾಯವಾಗಿತ್ತು. ಅಡುಗೆಮನೆಗೆ ಹೋಗಿ ದೊಡ್ಡ ಲೋಟದ ತುಂಬ ನೀರು ತಂದಳು. ನನಗಿರಬೇಕೆಂದು ಕೈಚಾಚಿದೆ.

“ನಿಂಗಲ್ಲ,” ಎಂದು ಲೋಟವನ್ನು ಗೋಡೆಯ ಬುಡದಲ್ಲಿಟ್ಟಳು.